ಕೀವು ತುಂಬಿದ ಕುರುವಿಗೆ ಚಿಕಿತ್ಸೆ ಪಡೆಯುವುದು ಹೇಗೆ

ಕುರುವಿನೊಳಗೆ ಕೀವು ನಿಂತಿದ್ದರೆ ಅದು ಹೊರಗೆ ಬರಲೇಬೇಕು. ಚಿಕಿತ್ಸೆಯ ಮುಕ್ಕಾಲು ಪಾಲು ಇಷ್ಟೇ. ಹೆಚ್ಚಿನವರು ಎಡವುವುದೂ ಇಲ್ಲೇ: ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುತ್ತಾ ಕಾಯುತ್ತಾರೆ. ಕೀವಿನ ಗೂಡಿನೊಳಗೆ ರಕ್ತನಾಳ ಇರುವುದಿಲ್ಲ. ಮಾತ್ರೆಯ ಔಷಧ ರಕ್ತದ ಜೊತೆ ಗೂಡಿನ ಗೋಡೆಯವರೆಗೆ ಬರುತ್ತದೆ, ಒಳಕ್ಕೆ ಸಾಕಷ್ಟು ಇಳಿಯುವುದಿಲ್ಲ. ಇಳಿದಷ್ಟೂ ಆಮ್ಲೀಯವಾದ ಕೀವಿನಲ್ಲಿ, ಸತ್ತ ಜೀವಕೋಶಗಳ ರಾಶಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಜ್ವರ ಇಳಿದಂತೆ, ನೋವು ತಗ್ಗಿದಂತೆ ಅನ್ನಿಸುತ್ತದೆ. ಕೋರ್ಸ್ ಮುಗಿದ ಎರಡು ಮೂರು ದಿನಕ್ಕೆ ಅದೇ ಜಾಗ ಮತ್ತೆ ಊದಿಕೊಳ್ಳುತ್ತದೆ, ಮೊದಲಿಗಿಂತ ಆಳವಾಗಿ.

ಕುರು ಹಣ್ಣಾಗಿದೆಯೇ, ಇನ್ನೂ ಕಾಯೇ?

ಮೊದಲ ಒಂದೆರಡು ದಿನ ಕುರು ಗಟ್ಟಿಯಾಗಿ, ಕೆಂಪಗೆ, ಮುಟ್ಟಿದರೆ ಬಿಸಿಯಾಗಿ ಇರುತ್ತದೆ. ಆಗ ಕೊಯ್ದರೆ ರಕ್ತ ಬರುತ್ತದೆಯೇ ಹೊರತು ಕೀವು ಬರುವುದಿಲ್ಲ. ನಂತರ ನಡುಭಾಗ ಮೆತ್ತಗಾಗುತ್ತದೆ, ಚರ್ಮ ತೆಳುವಾಗಿ ಹೊಳೆಯುತ್ತದೆ, ಕೆಲವೊಮ್ಮೆ ಹಳದಿ ಮೂತಿ ಕಾಣುತ್ತದೆ, ನಾಡಿ ಬಡಿದಂತೆ ಸಿಡಿಯುವ ನೋವು ನಿದ್ದೆಗೆಡಿಸುತ್ತದೆ. ಎರಡು ಬೆರಳನ್ನು ಊತದ ಎರಡು ಕಡೆ ಇಟ್ಟು ಒಂದನ್ನು ಮೆಲ್ಲಗೆ ಒತ್ತಿದಾಗ ಇನ್ನೊಂದು ಬೆರಳು ಎದ್ದಂತಾದರೆ ಒಳಗೆ ದ್ರವ ಇದೆ ಎಂದರ್ಥ. ವೈದ್ಯರು ಹೀಗೇ ನೋಡುತ್ತಾರೆ. ಪೃಷ್ಠದಲ್ಲಿ ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಏಳುವ ಕುರುವಿನಂತೆ ಕೀವು ಆಳದಲ್ಲಿದ್ದರೆ ಬೆರಳಿಗೆ ಸಿಗುವುದಿಲ್ಲ. ಆಗ ಅಲ್ಟ್ರಾಸೌಂಡ್ ಮಾಡಿಸಬೇಕಾಗುತ್ತದೆ.

ಕೆಂಪು ಎಷ್ಟು ದೂರ ಹರಡಿದೆ ಎಂದು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ಬಾಲ್ ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದಿಡಿ. ಆರೆಂಟು ಗಂಟೆಯಲ್ಲಿ ಕೆಂಪು ಆ ಗೆರೆಯನ್ನು ದಾಟಿ ಹೊರಗೆ ಹರಿದಿದ್ದರೆ ಅದು ಬರೀ ಕುರುವಲ್ಲ, ಸುತ್ತಲಿನ ಚರ್ಮಕ್ಕೂ ಸೋಂಕು ಹಬ್ಬಿದೆ. ವೈದ್ಯರಿಗೆ ಈ ಗೆರೆ ತೋರಿಸಿದರೆ ಹತ್ತು ಪ್ರಶ್ನೆ ಕೇಳುವುದು ತಪ್ಪುತ್ತದೆ.

ಮನೆಯಲ್ಲಿ ಏನು ಮಾಡಬಹುದು, ಏನು ಕೂಡದು

ಒಂದು ರೂಪಾಯಿ ನಾಣ್ಯದಷ್ಟೂ ಇಲ್ಲದ ಸಣ್ಣ ಕುರು, ಜ್ವರವಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಮುಖದ ಮೇಲೂ ಗುದದ್ವಾರದ ಬಳಿಯೂ ಅಲ್ಲ ಎಂದಾದರೆ ಒಂದೆರಡು ದಿನ ಶಾಖ ಕೊಟ್ಟು ನೋಡಬಹುದು. ಶುಭ್ರವಾದ ಹತ್ತಿ ಬಟ್ಟೆಯನ್ನು ಕೈಗೆ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಹಿಂಡಿ, 10ರಿಂದ 15 ನಿಮಿಷ ಕುರುವಿನ ಮೇಲಿಡಿ, ತಣಿದಂತೆ ಬದಲಿಸಿ, ದಿನಕ್ಕೆ ಮೂರು ನಾಲ್ಕು ಸಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು ಕಾಲಿಗೆ ಶಾಖ ಕೊಟ್ಟುಕೊಳ್ಳಲೇಬಾರದು. ಸುಟ್ಟದ್ದು ಗೊತ್ತಾಗುವುದಿಲ್ಲ, ಕುರುವಿನ ಜೊತೆ ಸುಟ್ಟಗಾಯವೂ ಸೇರಿಕೊಳ್ಳುತ್ತದೆ.

ಹಿಸುಕುವುದು, ಸೂಜಿ ಕಾಯಿಸಿ ಚುಚ್ಚುವುದು ಬೇಡ. ಕುರುವಿನ ಸುತ್ತ ದೇಹವೇ ಕಟ್ಟಿದ ಗೋಡೆ ಇರುತ್ತದೆ. ಹಿಸುಕಿದಾಗ ಕೀವು ಹೊರಗೆ ಬಂದಷ್ಟೇ ಒಳಕ್ಕೂ ಒಡೆಯುತ್ತದೆ. ಮೂಗು ಮತ್ತು ಮೇಲ್ತುಟಿಯ ಸುತ್ತ ಇದು ಇನ್ನೂ ಅಪಾಯ, ಏಕೆಂದರೆ ಅಲ್ಲಿನ ರಕ್ತನಾಳಗಳು ಕಣ್ಣಿನ ಹಿಂದಿನ ದಾರಿಯಲ್ಲಿ ತಲೆಬುರುಡೆಯೊಳಕ್ಕೆ ಸಂಪರ್ಕ ಹೊಂದಿವೆ.

ಸುಣ್ಣ-ಬೆಲ್ಲ, ಎಕ್ಕದ ಹಾಲು, ಸುಟ್ಟ ಈರುಳ್ಳಿ ಕಟ್ಟುವ ರೂಢಿ ಊರೂರಲ್ಲೂ ಇದೆ. ಈರುಳ್ಳಿಯ ಬಿಸಿ ಶಾಖದ ಕೆಲಸ ಮಾಡಬಹುದು, ಅಷ್ಟೇ. ಸುಣ್ಣ ಮತ್ತು ಎಕ್ಕದ ಹಾಲು ಚರ್ಮವನ್ನು ಸುಡುತ್ತವೆ. ಆಮೇಲೆ ಕೊಯ್ಯಬೇಕಾದ ಜಾಗದಲ್ಲಿ ಗಟ್ಟಿ ಚರ್ಮವೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಹುಳುಕಡ್ಡಿಗೆ ತಂದಿಟ್ಟ ಟ್ಯೂಬ್ ಮುಲಾಮು ಹಚ್ಚುವುದು. ಅಂಥ ಎಷ್ಟೋ ಮುಲಾಮುಗಳಲ್ಲಿ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್ ಇರುತ್ತದೆ. ಕೆಂಪು ಬೇಗ ಇಳಿಯುತ್ತದೆ, ಸೋಂಕು ಸದ್ದಿಲ್ಲದೆ ಬೆಳೆಯುತ್ತದೆ.

ನೋವಿಗೆ ವಯಸ್ಕರು ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಮಾತ್ರೆಯನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ಮಾತ್ರೆ ನುಂಗಿ ಜ್ವರ ಇಲ್ಲವೆಂದುಕೊಳ್ಳಬೇಡಿ. ಜ್ವರ ನೋಡುವುದಿದ್ದರೆ ನುಂಗುವ ಮುಂಚೆ ನೋಡಿ.

ಎರಡು ದಿನ ಶಾಖ ಕೊಟ್ಟರೂ ಕಡಿಮೆಯಾಗದಿದ್ದರೆ, ಅಥವಾ ನಡುಭಾಗ ಮೆತ್ತಗಾಗಿದ್ದರೆ, ಆಸ್ಪತ್ರೆಗೆ ಹೋಗಿ. ತಾನಾಗಿ ಒಡೆದರೂ ತೋರಿಸಬೇಕು. ತಾನಾಗಿ ಆದ ತೂತು ಸಣ್ಣದು. ಒಂದಿಷ್ಟು ಕೀವು ಸುರಿದು ನೋವು ಮಾಯವಾಗುತ್ತದೆ, ತೂತು ಮುಚ್ಚಿಕೊಳ್ಳುತ್ತದೆ, ಒಳಗಿನ ಗೂಡು ಹಾಗೇ ಉಳಿಯುತ್ತದೆ.

ತಡಮಾಡದೆ ಹೋಗಬೇಕಾದವರು

ಚಳಿ ನಡುಗಿಸುವ ಜ್ವರ ಅಥವಾ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಕುರುವಿನಿಂದ ಮೇಲಕ್ಕೆ ಹರಿದ ಕೆಂಪು ಗೆರೆ, ಕಣ್ಣಿನ ಸುತ್ತ ಊತ, ಅಂಗೈಯಲ್ಲಿ ಕುರು, ಗುದದ್ವಾರದ ಬಳಿ ಕೂರಲಾಗದ ನೋವು: ಇವು ಅದೇ ದಿನ ನೋಡಬೇಕಾದವು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುತ್ತಿರುವವರು, ಎಳೆ ಮಕ್ಕಳು ಸಣ್ಣ ಕುರುವಿಗೂ ಕಾಯಬಾರದು.

ಇನ್ನೊಂದಿದೆ, ಅದಕ್ಕೆ ದಿನವಲ್ಲ, ಗಂಟೆಯ ಲೆಕ್ಕ. ಕಾಣುವ ಊತಕ್ಕೆ ಹೋಲಿಸಿದರೆ ನೋವು ವಿಪರೀತ, ಚರ್ಮ ನೀಲಿ-ಕಪ್ಪಾಗುತ್ತಿದೆ ಅಥವಾ ನೀರ್ಗುಳ್ಳೆ ಏಳುತ್ತಿದೆ, ಒತ್ತಿದರೆ ಚರ್ಮದಡಿ ಗಾಳಿ ಇದ್ದಂತೆ ಚರಚರ ಅನ್ನುತ್ತದೆ, ರೋಗಿ ಮಂಕಾಗಿದ್ದಾರೆ. ಇದು ಮಾಂಸದ ಪದರಗಳ ನಡುವೆ ಕೊಳೆ ಹರಡುವ ಸೋಂಕು. 108ಕ್ಕೆ ಕರೆಮಾಡಿ, ಶಸ್ತ್ರಚಿಕಿತ್ಸಕರು ಮತ್ತು ಐಸಿಯು ಇರುವ ಆಸ್ಪತ್ರೆಗೇ ನೇರ ಹೋಗಿ.

ಯಾರ ಬಳಿ ಹೋಗಬೇಕು, ಏನು ಒಯ್ಯಬೇಕು

ಚರ್ಮದ ಮೇಲೆ ಎದ್ದಿದೆ ಎಂದು ಜನ ಚರ್ಮವೈದ್ಯರನ್ನು ಹುಡುಕುತ್ತಾರೆ. ಕೊಯ್ದು ಕೀವು ತೆಗೆಯುವವರು ಜನರಲ್ ಸರ್ಜನ್. ಸಣ್ಣ ಕುರುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರೇ ಮಾಡಬಲ್ಲರು, ಡ್ರೆಸ್ಸಿಂಗ್ ಅಂತೂ ಅಲ್ಲೇ ಆಗುತ್ತದೆ. ದೊಡ್ಡದು, ಆಳದ್ದು, ಗುದದ್ವಾರದ್ದು, ಸ್ತನದ್ದು ಎಂದರೆ ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಅದೇ ದಿನ ರಕ್ತಪರೀಕ್ಷೆ ಮುಗಿಸಿ ಕೊಯ್ಯಲು ಸಮಯ ಸಿಗುತ್ತದೆ. ಆಧಾರ್ ಮತ್ತು ರೇಷನ್ ಕಾರ್ಡ್ ಇಟ್ಟುಕೊಳ್ಳಿ. ದಾಖಲಾಗಬೇಕಾಗಿ ಬಂದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ಅವೇ ಬೇಕು. ಆ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಅಲ್ಲದ ಪಕ್ಷದಲ್ಲಿ, ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ.

ಎಲ್ಲಕ್ಕಿಂತ ಮುಖ್ಯ, ನುಂಗುತ್ತಿರುವ ಮಾತ್ರೆಗಳ ಶೀಟುಗಳನ್ನೇ ಒಯ್ಯಿರಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇದ್ದರೆ ರಕ್ತ ನಿಲ್ಲುವುದು ತಡ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದ್ದರೆ ಅದನ್ನು ಮರೆಯದೆ ಹೇಳಿ: ಸೋಂಕು ಮತ್ತು ಉಪವಾಸ ಒಟ್ಟಿಗೆ ಸೇರಿದಾಗ ಈ ಮಾತ್ರೆಗಳಿಂದ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು, ಸಕ್ಕರೆ ಪ್ರಮಾಣ ಹೆಚ್ಚಿಲ್ಲದಿದ್ದರೂ ಏರಬಹುದು. ಪೆನ್ಸಿಲಿನ್ ಅಥವಾ ಸಲ್ಫಾ ಔಷಧಕ್ಕೆ ಹಿಂದೆ ಮೈಯೆಲ್ಲ ದದ್ದು ಎದ್ದಿದ್ದರೆ ಅದನ್ನೂ, ಈಗಾಗಲೇ ಯಾವ ಆಂಟಿಬಯಾಟಿಕ್ ಎಷ್ಟು ದಿನ ತಿಂದಿದ್ದೀರಿ ಎಂಬುದನ್ನೂ ಹೇಳಬೇಕು. ಬೈಸಿಕೊಳ್ಳಬೇಕಾದೀತೆಂದು ಮುಚ್ಚಿಟ್ಟರೆ ಕಲ್ಚರ್ (ಕೀವಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಯೇ ದಾರಿ ತಪ್ಪಿಸುತ್ತದೆ.

ಸಕ್ಕರೆ ಪರೀಕ್ಷೆ ಎಲ್ಲರಿಗೂ ಮಾಡುತ್ತಾರೆ, ಮಾಡದಿದ್ದರೆ ಕೇಳಿ ಮಾಡಿಸಿ. ಸಕ್ಕರೆ ಕಾಯಿಲೆ ಇದೆಯೆಂದು ಎಷ್ಟೋ ಮಂದಿಗೆ ಮೊದಲು ಗೊತ್ತಾಗುವುದೇ ಒಂದು ಕುರುವಿನಿಂದ. ನೋವು, ಸೋಂಕುಗಳಿಂದಲೂ ಸಕ್ಕರೆ ತಾತ್ಕಾಲಿಕವಾಗಿ ಏರುವುದರಿಂದ, ಹಳೆಯದೋ ಈಗಿನದೋ ತಿಳಿಯಲು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಬೇಕು.

ಕೊಯ್ಯುವಾಗ ಏನಾಗುತ್ತದೆ

ಆಸ್ಪತ್ರೆಯವರು ಇದನ್ನು ‘ಐ ಅಂಡ್ ಡಿ’ ಎನ್ನುತ್ತಾರೆ, ಅಂದರೆ ಕೊಯ್ದು ಬಸಿಯುವುದು. ಸಣ್ಣ ಕುರುವಿಗೆ 10-15 ನಿಮಿಷದ ಕೆಲಸ. ಲಿಗ್ನೊಕೇನ್ ಚುಚ್ಚಿ ಸುತ್ತಲಿನ ಚರ್ಮವನ್ನು ಮರಗಟ್ಟಿಸುತ್ತಾರೆ. ಊದಿದ ಜಾಗದ ಆಮ್ಲೀಯತೆಯಿಂದ ಈ ಔಷಧ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಕುರುವಿನ ಮೇಲಲ್ಲದೆ ಸುತ್ತಲೂ ಬಳೆಯಂತೆ ಚುಚ್ಚಿ ಐದು ನಿಮಿಷ ಕಾಯುತ್ತಾರೆ. ಬರೀ ಲಿಗ್ನೊಕೇನ್‌ಗೆ ಸಾಮಾನ್ಯವಾಗಿ ಪಾಲಿಸುವ ಮಿತಿ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ, ಅಂದರೆ 2 ಪರ್ಸೆಂಟ್ ದ್ರಾವಣದಲ್ಲಿ 9 ಎಂ.ಎಲ್. ಮಾತ್ರ. ದೊಡ್ಡ ಕುರುವಿಗೆ ಇದು ಸಾಲದು. ‘ಬರೀ ಕುರುವಿಗೆ ಯಾಕೆ ಬೆನ್ನಿಗೆ ಇಂಜೆಕ್ಷನ್, ಯಾಕೆ ಪೂರ್ತಿ ಅರಿವಳಿಕೆ’ ಎಂದು ಕೇಳುವವರಿಗೆ ಉತ್ತರ ಇದೇ. ಒಳಗೆ ಬೆರಳಾಡಿಸಿ ಎಲ್ಲ ಗೂಡುಗಳನ್ನೂ ಒಡೆಯಬೇಕು, ನೋವಿನಿಂದ ಕೂಗುವವರಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ.

ಅರಿವಳಿಕೆ ಕೊಡುವುದಾದರೆ ಆರು ಗಂಟೆ ಮುಂಚಿನಿಂದ ಊಟ-ತಿಂಡಿ-ಹಾಲು ಏನೂ ಬೇಡ, ಬರೀ ನೀರಾದರೆ ಎರಡು ಗಂಟೆ ಮುಂಚಿನವರೆಗೆ. ಕಾಫಿ ಕುಡಿದು ಬಂದದ್ದಕ್ಕೇ ಕೊಯ್ಯುವುದು ಸಂಜೆಗೆ ಹೋಗುವುದು ಸಾಮಾನ್ಯ, ಹಾಲು ಹಾಕಿದ ಕಾಫಿ ಊಟದ ಲೆಕ್ಕ.

ಕೊಯ್ತ ಸಾಕಷ್ಟು ಅಗಲ ಇರಬೇಕು. ‘ಸಣ್ಣದಾಗಿ ಕೊಯ್ಯಿರಿ, ಕಲೆ ಉಳಿಯಬಾರದು’ ಎಂದು ಒತ್ತಾಯಿಸಬೇಡಿ. ಸಣ್ಣ ಬಾಯಿ ಎರಡೇ ದಿನಕ್ಕೆ ಕೂಡಿಕೊಂಡು ಮತ್ತೆ ಕೀವು ತುಂಬುತ್ತದೆ, ಎರಡನೇ ಕೊಯ್ತದ ಕಲೆ ದೊಡ್ಡದು. ಕೀವು ಬಂದ ಮೇಲೆ ಕವಲು ಗೂಡುಗಳನ್ನು ಒಡೆದು ಸಲೈನ್‌ನಿಂದ ತೊಳೆಯುತ್ತಾರೆ. ಹೊಲಿಗೆ ಹಾಕುವುದಿಲ್ಲ. ಅದು ಮರೆವಲ್ಲ, ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಗೂಡು ಸುಮಾರು 5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಗಾಜ್ (ಜಾಲಿಯಂಥ ತೆಳು ಹತ್ತಿ ಬಟ್ಟೆ) ಪಟ್ಟಿಯನ್ನು ಸಡಿಲವಾಗಿ ಇಡುತ್ತಾರೆ. ಸಣ್ಣದಕ್ಕೆ ಅದೂ ಬೇಕಿಲ್ಲ, ನೋವು ಮಾತ್ರ ಹೆಚ್ಚುತ್ತದೆ. ಧನುರ್ವಾಯು ತಡೆಯುವ ಟಿಟಿ ಅಥವಾ ಟಿಡಿ ಇಂಜೆಕ್ಷನ್ ಹಿಂದೆ ಯಾವಾಗ ಆಗಿತ್ತು ನೆನಪಿಸಿಕೊಂಡು ಹೇಳಿ.

ಕೀವನ್ನು ಕಲ್ಚರ್‌ಗೆ ಕಳಿಸುತ್ತೀರಾ ಎಂದು ಕೇಳಿ. ಎರಡರಿಂದ ಮೂರು ದಿನದಲ್ಲಿ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ವರದಿ ಬರುತ್ತದೆ. ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್; ಅದರಲ್ಲಿ ಸಾಮಾನ್ಯ ಪೆನ್ಸಿಲಿನ್ ಗುಂಪಿಗೆ ಬಗ್ಗದ ಎಂಆರ್‌ಎಸ್‌ಎ ತಳಿಯೂ ಇದೆ. ವರದಿ ತಂದು ತೋರಿಸುವ ಕೆಲಸ ನಿಮ್ಮದು, ಅದು ತಾನಾಗಿ ವೈದ್ಯರ ಮೇಜಿಗೆ ಬರುವುದಿಲ್ಲ.

ಕೊಯ್ದ ಮೇಲೆ ಮಾತ್ರೆ ಬೇಕೇ?

ಸಣ್ಣ ಕುರು, ಸುತ್ತ ಕೆಂಪಿಲ್ಲ, ಆರೋಗ್ಯವಂತ ವಯಸ್ಕರು ಎಂದಾದರೆ ಎಷ್ಟೋ ಸಲ ಕೀವು ತೆಗೆದದ್ದೇ ಸಾಕು. 2016ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಕೀವು ತೆಗೆದ ಮೇಲೆ ಏಳು ದಿನ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 80 ಮಂದಿ ಗುಣವಾದರೆ, ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಸುಮಾರು 74 ಮಂದಿ ಗುಣವಾದರು. ಮಾತ್ರೆಯಿಂದ ಲಾಭ ಇದೆ, ಆದರೆ ಹೆಚ್ಚಿನ ಕೆಲಸ ಮಾಡಿದ್ದು ಕೊಯ್ತ. ಜ್ವರ, ಹರಡಿದ ಕೆಂಪು, ಸಕ್ಕರೆ ಕಾಯಿಲೆ, ಮುಖದ ಕುರು, ಒಂದಕ್ಕಿಂತ ಹೆಚ್ಚು ಕುರು ಇದ್ದರೆ ಆಂಟಿಬಯಾಟಿಕ್ ಬರೆದೇ ಬರೆಯುತ್ತಾರೆ, ಸಾಮಾನ್ಯವಾಗಿ 5ರಿಂದ 7 ದಿನ. ಬರೆದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಭೇದಿಯಾದರೆ ಊಟದ ಜೊತೆ ನುಂಗಿ ನೋಡಿ; ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಡ್ರೆಸ್ಸಿಂಗ್

ಕೊಯ್ದು ಬಂದವರು ಕೆಲಸ ಮುಗಿಯಿತೆಂದುಕೊಳ್ಳುವುದು ಇಲ್ಲೇ, ಕುರು ಮರುಕಳಿಸುವುದೂ ಇಲ್ಲೇ. ಒಳಗಿಟ್ಟ ಗಾಜ್ ಪಟ್ಟಿಯನ್ನು 24ರಿಂದ 48 ಗಂಟೆಯೊಳಗೆ ತೆಗೆಸಬೇಕು. ಮೊದಲ ಸಲ ನೋವು ಹೆಚ್ಚು, ಹೊರಡುವ ಮುಕ್ಕಾಲು ಗಂಟೆ ಮುಂಚೆ ನೋವಿನ ಮಾತ್ರೆ ನುಂಗಿ. ಒಣಗಿ ಅಂಟಿದ ಗಾಜ್ ಪಟ್ಟಿಯನ್ನು ಎಳೆಯುವ ಬದಲು ಸಲೈನ್ ಸುರಿದು ನೆನೆಸಿ ಬಿಡಿಸಲು ಕೇಳಿ. ಗಾಜ್ ಒಂದೇ ಉದ್ದ ಪಟ್ಟಿಯಾಗಿರಲಿ, ಬಾಲ ಹೊರಗೆ ಕಾಣುತ್ತಿರಲಿ. ತುಂಡು ತುಂಡಾಗಿ ತುರುಕಿದರೆ ಒಂದು ಒಳಗೇ ಉಳಿದುಹೋಗಬಹುದು, ಆಮೇಲೆ ತಿಂಗಳಾದರೂ ಗಾಯ ಒಣಗದೆ ಕೀವು ಒಸರುತ್ತಲೇ ಇರುತ್ತದೆ. ಬಿಗಿಯಾಗಿ ತುಂಬುವುದೂ ತಪ್ಪು. ಗಾಜ್ ಇರುವುದು ಬಾಯಿ ಮುಚ್ಚದಂತೆ ತಡೆಯಲು. ಬಿರಡೆಯಂತೆ ಬಿಗಿದರೆ ಕೀವು ಹಿಂದಕ್ಕೆ ನಿಲ್ಲುತ್ತದೆ.

ಆಮೇಲಿನ ಡ್ರೆಸ್ಸಿಂಗ್ ದಿನಕ್ಕೊಮ್ಮೆ, ಮೇಲಿನ ಪಟ್ಟಿ ನೆನೆದರೆ ಅದಕ್ಕೂ ಮುಂಚೆ. ಮನೆಯಲ್ಲೇ ಮಾಡುವುದಾದರೆ ಸೋಪಿನಲ್ಲಿ ಕೈ ತೊಳೆದು, ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ ಬಾಟಲಿಯಿಂದ ಗಾಯದೊಳಕ್ಕೆ ಧಾರೆ ಬಿಟ್ಟು ತೊಳೆಯಿರಿ. ತೆರೆದ ಬಾಟಲಿ ಒಂದು ದಿನಕ್ಕಷ್ಟೇ. ಹೈಡ್ರೋಜನ್ ಪೆರಾಕ್ಸೈಡ್ ಬುಸಬುಸ ನೊರೆ ಬರುವುದನ್ನು ನೋಡಿ ಗಾಯ ಶುದ್ಧವಾಯಿತೆಂದು ಸಂತೋಷಪಡುವವರಿದ್ದಾರೆ. ದಿನವೂ ಹಾಕಿದರೆ ಅದು ಹೊಸದಾಗಿ ಬೆಳೆಯುವ ಎಳೆ ಮಾಂಸವನ್ನೇ ಕೊಲ್ಲುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಒಂದೆರಡು ದಿನದ ನಂತರ ಸ್ನಾನ ಮಾಡಬಹುದು, ನೀರು ಗಾಯದ ಮೇಲೆ ಹರಿದರೆ ಒಳ್ಳೆಯದೇ. ಕೆರೆ, ಬಾವಿ, ಈಜುಕೊಳಕ್ಕೆ ಇಳಿಯಬೇಡಿ.

ಸರಿಯಾಗಿ ಒಣಗುತ್ತಿರುವ ಗಾಯದ ತಳ ದಾಳಿಂಬೆ ಕಾಳಿನಂತೆ ಕೆಂಪಗೆ, ಹರಳುಹರಳಾಗಿ ಕಾಣುತ್ತದೆ, ಮುಟ್ಟಿದರೆ ಚೂರು ರಕ್ತ ಬರುತ್ತದೆ. ಇದನ್ನು ನೋಡಿ ಗಾಬರಿಬೇಡ. ಬೂದು ಬಣ್ಣ, ದುರ್ವಾಸನೆ, ಎರಡು ದಿನ ಕಳೆದರೂ ಇಳಿಯದ ಜ್ವರ, ಮತ್ತೆ ಶುರುವಾದ ಸಿಡಿತ ಇದ್ದರೆ ಒಳಗೆ ಒಡೆಯದ ಗೂಡು ಉಳಿದಿದೆ. ಮತ್ತೆ ಅದೇ ಸರ್ಜನ್ ಬಳಿ ಹೋಗಿ. ಸಣ್ಣದು ಒಂದೆರಡು ವಾರದಲ್ಲಿ, ದೊಡ್ಡದು ಹಲವು ವಾರಗಳಲ್ಲಿ ಮುಚ್ಚುತ್ತದೆ.

ಊಟದ ವಿಷಯ ಹೇಳಲೇಬೇಕು. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ-ಮೀನು ನಂಜು ಎಂದು ಗಾಯವಾದವರಿಗೆ ಬರೀ ಗಂಜಿ, ಸಾರನ್ನ ಕೊಡುವ ಮನೆಗಳಿವೆ. ಬೆರಳು ಹೋಗುವಷ್ಟು ಗುಂಡಿಯನ್ನು ಮಾಂಸ ತುಂಬಬೇಕಾದ ಹೊತ್ತಿನಲ್ಲಿ ದೇಹಕ್ಕೆ ಪ್ರೋಟೀನ್ ಬೇಕು. ಬೇಳೆ, ಮೊಳಕೆಕಾಳು, ಹಾಲು, ಮೊಟ್ಟೆ, ಮೀನು, ಅಭ್ಯಾಸ ಇದ್ದದ್ದೆಲ್ಲ ತಿನ್ನಿ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಯಲ್ಲಿರಬೇಕು, ಅದಿಲ್ಲದೆ ಯಾವ ಡ್ರೆಸ್ಸಿಂಗೂ ಕೈಹಿಡಿಯದು.

ಜಾಗ ನೋಡಿ ಚಿಕಿತ್ಸೆ ಬದಲಾಗುವ ಕುರುಗಳು

ಹಾಲೂಡಿಸುವ ತಾಯಿಯ ಸ್ತನದಲ್ಲಿ ಕುರುವಾದರೆ ಈಗ ಮೊದಲು ಕೊಯ್ಯುವುದಿಲ್ಲ. ಅಲ್ಟ್ರಾಸೌಂಡ್ ನೋಡುತ್ತಾ ದಪ್ಪ ಸೂಜಿಯಿಂದ ಕೀವು ಎಳೆಯುತ್ತಾರೆ, ಎರಡು ಮೂರು ದಿನಕ್ಕೊಮ್ಮೆ ಮತ್ತೆ ಎಳೆಯಬೇಕಾಗಬಹುದು. ಚರ್ಮ ತೆಳುವಾಗಿ ಹೊಳೆಯುತ್ತಿದ್ದರಷ್ಟೇ ಕೊಯ್ತ. ಹಾಲು ಕೊಡುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಹಾಲು ಕಟ್ಟಿ ಸೋಂಕು ಹೆಚ್ಚುತ್ತದೆ. ಆ ಕಡೆ ಮಗುವಿಗೆ ಬಾಯಿ ಹಾಕಲು ಆಗದಿದ್ದರೆ ಹಾಲನ್ನು ಹಿಂಡಿ ತೆಗೆಯಿರಿ.

ಗುದದ್ವಾರದ ಬಳಿಯ ಕುರು ಹಣ್ಣಾಗಲಿ ಎಂದು ಕಾಯಬಾರದು; ಅಲ್ಲಿನ ಕೊಬ್ಬಿನಲ್ಲಿ ಕೀವು ಮೆತ್ತಗಾಗಿ ಕೈಗೆ ಸಿಗುವ ಮೊದಲೇ ಆಳಕ್ಕೆ ಹರಡಿರುತ್ತದೆ. ಕೊಯ್ದ ಮೇಲೆ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ 10-15 ನಿಮಿಷ ಕೂರಬೇಕು, ದಿನಕ್ಕೆ ಮೂರು ಸಲ ಮತ್ತು ಪ್ರತಿ ಸಲ ಮಲವಿಸರ್ಜನೆಯ ನಂತರ. ಕೆಲವರಲ್ಲಿ ಆಮೇಲೆ ಫಿಸ್ಟುಲಾ ಎಂಬ ಸುರಂಗ ಉಳಿಯುತ್ತದೆ. ವಾರಗಳು ಕಳೆದರೂ ಒಸರು ನಿಲ್ಲದಿದ್ದರೆ ಅದನ್ನು ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚುತ್ತಾ ಕೂರಬೇಡಿ, ಎಂಆರ್‌ಐ ಬೇಕೇ ಎಂದು ಸರ್ಜನ್ ನೋಡಿ ನಿರ್ಧರಿಸಲಿ.

ಕುತ್ತಿಗೆಯಲ್ಲಿ ವಾರಗಟ್ಟಲೆ ನಿಧಾನವಾಗಿ ಬೆಳೆದ, ಬಿಸಿಯೂ ಇಲ್ಲದ ನೋವೂ ಇಲ್ಲದ ಮೆತ್ತನೆ ಗಂಟು ಕ್ಷಯದ ಕುರುವಾಗಿರಬಹುದು. ಅದನ್ನು ಉಳಿದ ಕುರುವಿನಂತೆ ಕೊಯ್ದರೆ ಗಾಯ ಮುಚ್ಚದೆ ಒಸರುತ್ತಲೇ ಇರುತ್ತದೆ. ಸೂಜಿಯಲ್ಲಿ ತೆಗೆದ ಕೀವನ್ನು, ಕ್ಷಯದ ಬ್ಯಾಕ್ಟೀರಿಯಾ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಕಳಿಸಬೇಕು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ತೊಡೆಸಂದಿನಲ್ಲಿ ನಾಡಿಯಂತೆ ಮಿಡಿಯುವ ಗಂಟನ್ನು ಯಾರಿಗೂ ಚುಚ್ಚಲು ಬಿಡಬೇಡಿ, ಅದು ರಕ್ತನಾಳದ ಉಬ್ಬಾಗಿರಬಹುದು.

ಉಡುಪಿ, ದಕ್ಷಿಣ ಕನ್ನಡದ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಕೆಸರುಗದ್ದೆಯಲ್ಲಿ ಕೆಲಸ ಮಾಡಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಮಣ್ಣು-ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಕುರುವಾಗಿ ಕಾಣಿಸಿಕೊಳ್ಳಬಹುದು; ಲಿವರ್, ಗುಲ್ಮದಲ್ಲೂ ಕೀವು ಇರಬಹುದು. ಮಾಮೂಲಿ ಮಾತ್ರೆಗೆ ಅದು ಬಗ್ಗದು: ಮೊದಲು ಕನಿಷ್ಠ 10-14 ದಿನ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ನಂತರ ಮೂರು ತಿಂಗಳ ಮಾತ್ರೆ. ಜ್ವರ ಇಳಿಯದಿದ್ದರೆ ‘ಗದ್ದೆಗೆ ಇಳಿದಿದ್ದೆ’ ಎಂದು ನೀವಾಗಿ ಹೇಳಿ. ಕಲ್ಚರ್ ನೋಡುವವರಿಗೆ ಯಾವುದನ್ನು ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ.

ಮತ್ತೆ ಮತ್ತೆ ಏಳುತ್ತಿದ್ದರೆ

ಮಾವಿನಹಣ್ಣಿನ ಉಷ್ಣಕ್ಕೆ ಕುರು ಏಳುತ್ತದೆ ಎಂಬ ನಂಬಿಕೆಗೆ ಕಾರಣ, ಮಾವಿನ ಕಾಲವೂ ಬೆವರಿನ ಕಾಲವೂ ಒಂದೇ. ಬೆವರು, ಉಜ್ಜಾಟ, ರೇಜರಿನ ಗೀರು ಕೂದಲ ಬುಡವನ್ನು ತೆರೆಯುತ್ತವೆ. ಬ್ಯಾಕ್ಟೀರಿಯಾ ಮೂಗಿನೊಳಗೆ, ಕಂಕುಳಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಪದೇ ಪದೇ ಕುರು ಏಳುವವರಿಗೆ ಐದು ದಿನ ಮೂಗಿನ ಹೊಳ್ಳೆಗೆ ದಿನಕ್ಕೆರಡು ಸಲ ಮ್ಯುಪಿರೋಸಿನ್ ಮುಲಾಮು, ಅಷ್ಟೇ ದಿನ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಸ್ನಾನ ಬರೆಯುತ್ತಾರೆ. ಅದೇ ವಾರ ಟವೆಲ್, ಹೊದಿಕೆ, ದಿಂಬಿನ ಕವರುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಟವೆಲ್ ಮತ್ತು ರೇಜರ್ ಒಬ್ಬರಿಗೊಂದಿರಲಿ. ಮನೆಯಲ್ಲಿ ಇನ್ನೊಬ್ಬರಿಗೂ ಕುರು ಏಳುತ್ತಿದ್ದರೆ ಇಬ್ಬರಿಗೂ ಒಟ್ಟಿಗೇ ಮಾಡಿಸಬೇಕು. ಕಂಕುಳು ಮತ್ತು ತೊಡೆಸಂದುಗಳಲ್ಲಿ ಮಾತ್ರ ಮರುಕಳಿಸಿ ಗಂಟು, ಸುರಂಗ, ಗೀರುಗಲೆ ಉಳಿಸುತ್ತಿದ್ದರೆ ಅದು ಸಾಮಾನ್ಯ ಕುರುವಲ್ಲ, ಹೈಡ್ರಾಡಿನೈಟಿಸ್ ಎಂಬ ಬೇರೆಯೇ ಚರ್ಮರೋಗ ಇರಬಹುದು. ಆಗ ಚರ್ಮವೈದ್ಯರ ಬಳಿ ಹೋಗಬೇಕು. ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ, ಬಾಲಮೂಳೆಯ ಹತ್ತಿರ ಏಳುವುದು ಚರ್ಮದೊಳಗೆ ಹೊಕ್ಕ ಕೂದಲಿನಿಂದ. ಅದಕ್ಕೆ ಕೀವು ತೆಗೆದು ಗಾಯ ಆರಿದ ಮೇಲೆ ಆ ಗುಳಿಯನ್ನೇ ತೆಗೆಯುವ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು.